ಮೂರು ರೇಡಿಯೊ, ಮೂರು ಆಂಟೆನಾ, ಎರಡು ಸ್ವಿಚ್

ಎರಡು ವರ್ಷ ನಾನು ಪ್ರತಿ ಸಂಜೆ ಮೇಜಿನ ಹಿಂದೆ ಬಗ್ಗಿ, ಮೊಬೈಲಿನ ಬೆಳಕು ಹಿಡಿದು, ಒಂದು ರೇಡಿಯೊದ ಬೆನ್ನಿನಿಂದ ಆಂಟೆನಾ ಕೇಬಲ್ಲಿನ ತುದಿಯ ಪಿಎಲ್-259 ಕನೆಕ್ಟರ್ ಬಿಚ್ಚಿ ಇನ್ನೊಂದರ ಬೆನ್ನಿಗೆ ತಿರುಗಿಸಿ ಕೂಡಿಸುತ್ತಿದ್ದೆ. ಮೂರು ರೇಡಿಯೊ, ಮೂರು ಆಂಟೆನಾ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದರೂ ಎರಡು ಕನೆಕ್ಟರ್ ಬಿಚ್ಚಬೇಕು, ಎರಡು ಹಾಕಬೇಕು. ಅಷ್ಟರಲ್ಲಿ ಕರೆಯುತ್ತಿದ್ದ ದೂರದ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯ ಬೇರೆ ಯಾರ ಜೊತೆಗೋ ಮಾತಿಗೆ ತೊಡಗಿರುತ್ತಿದ್ದ. ಸಮಯ ಹೋಗುವುದು ದೊಡ್ಡ ಮಾತಲ್ಲ. ಆದರೆ ದಿನವೂ ಬಿಚ್ಚಿ ಹಾಕಿದ್ದರಿಂದ ಸಾಕೆಟ್ಟಿನ ನಡುವಿನ ಹಿತ್ತಾಳೆಯ ಎಸಳುಗಳು ಅಗಲವಾಗಿ, ಪಿನ್ನನ್ನು ಕಚ್ಚಿ ಹಿಡಿಯುವುದನ್ನೇ ಬಿಟ್ಟವು. ಕೇಬಲ್ ಸ್ವಲ್ಪ ಅಲುಗಿದರೆ ಸಾಕು, ಕರಕರ ಸದ್ದು ಬರುತ್ತಿತ್ತು. ಸ್ವಿಚ್ ಬೇಕು ಎಂದು ನನಗೆ ಮನವರಿಕೆಯಾದದ್ದು ಆಗ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಹಿತ್ತಲಿನಲ್ಲಿ ಒಂಬತ್ತು ಮೀಟರ್ ಎತ್ತರದ ಜಿಐ ಪೈಪ್ ನಿಲ್ಲಿಸಿ, ಅದರ ತುದಿಯಿಂದ ಎರಡೂ ಬದಿಗೆ ತಂತಿ ಇಳಿಬಿಟ್ಟು 40 ಮೀಟರ್ (7 ಮೆಗಾಹರ್ಟ್ಜ್) ಬ್ಯಾಂಡಿನ ಡೈಪೋಲ್ ಕಟ್ಟಿದ್ದೇನೆ. 143ನ್ನು ಮೆಗಾಹರ್ಟ್ಜ್ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಡೈಪೋಲಿನ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಅದು ಇಪ್ಪತ್ತು ಮೀಟರ್, ಅಂದರೆ ಬದಿಗೆ ಹತ್ತು. ಇದೇ ತಂತಿ ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲೂ, ಅಂದರೆ 21 ಮೆಗಾಹರ್ಟ್ಜ್‌ನಲ್ಲೂ ಹೆಚ್ಚು ತಕರಾರಿಲ್ಲದೆ ನಡೆಯುತ್ತದೆ. ಹಾಗಾಗಿ ಅದಕ್ಕೆ ಬೇರೆ ಆಂಟೆನಾ ಹಾಕಲಿಲ್ಲ. ಎರಡನೆಯದು 20 ಮೀಟರ್ (14 ಮೆಗಾಹರ್ಟ್ಜ್) ಬ್ಯಾಂಡಿನ ಡೈಪೋಲ್. ಮೂರನೆಯದು ಮಾವಿನ ಮರದವರೆಗೆ ಎಳೆದ ಒಂದು ಉದ್ದ ತಂತಿ, ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಟ್ಯೂನರ್ ಇಲ್ಲದೆ ಅದು ಯಾವ ಬ್ಯಾಂಡಿಗೂ ಒಗ್ಗುವುದಿಲ್ಲ. ರೇಡಿಯೊಗಳಲ್ಲಿ ಒಂದು 100 ವಾಟ್‌ನ ಟ್ರಾನ್ಸೀವರ್, ಅಂದರೆ ಕಳುಹಿಸಲೂ ಕೇಳಲೂ ಆಗುವಂಥದ್ದು. ಇನ್ನೊಂದು ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್ ನಕ್ಷೆಯಂತೆ ನಾನೇ ಬೆಸೆದದ್ದು, ಆರೇಳು ವಾಟ್ ಕೊಡುತ್ತದೆ. ಮೂರನೆಯದು ಕೇಳಲು ಮಾತ್ರ, ಅದೂ ಕೈಯಲ್ಲಿ ಕಟ್ಟಿದ್ದೇ.

ಮೊದಲ ಸ್ವಿಚ್ಚನ್ನು ನಾನೇ ಮಾಡಿದೆ. ಹಳೆಯ ವಾಲ್ವ್ ರೇಡಿಯೊದಿಂದ ಕಳಚಿದ ಪಿಂಗಾಣಿಯ ಬ್ಯಾಂಡ್ ಸ್ವಿಚ್ ಒಂದಿತ್ತು. ಒಂದು ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ನಾಲ್ಕು ಸಾಕೆಟ್ ಕೂಡಿಸಿ, ಗೇಣುದ್ದದ ಬಿಡಿ ತಂತಿಗಳಿಂದ ಅವನ್ನೆಲ್ಲ ಬ್ಯಾಂಡ್ ಸ್ವಿಚ್ಚಿಗೆ ಬೆಸೆದೆ. ಲೆಕ್ಕವನ್ನೂ ಹಾಕಿದ್ದೆ: 50 ಓಮ್‌ನಲ್ಲಿ 100 ವಾಟ್ ಎಂದರೆ ಸುಮಾರು 71 ವೋಲ್ಟ್, ಅಲೆಯ ತುದಿಯಲ್ಲಿ 100 ವೋಲ್ಟ್, ಕರೆಂಟ್ 1.4 ಆಂಪಿಯರ್. ಪಿಂಗಾಣಿ ಸ್ವಿಚ್ಚಿಗೆ ಇದು ಭಾರವಲ್ಲ. ಮೀಟರ್ ಚೆನ್ನಾಗಿ ತೋರಿಸಿತು, ಮಾತು ಚೆನ್ನಾಗಿ ಹೋಯಿತು. ಮೂರನೆಯ ದಿನ 20 ಮೀಟರ್‌ನಲ್ಲಿ ಒಂದು ತಾಸು ಮಾತನಾಡಿ, ಕೇಳುವ ರೇಡಿಯೊಗೆ ಸ್ವಿಚ್ ತಿರುಗಿಸಿದೆ. ಮೌನ. ಆಂಟೆನಾ ಕಿತ್ತರೆ ಎಷ್ಟು ಸದ್ದೋ, ಹಾಕಿದರೂ ಅಷ್ಟೇ ಸದ್ದು. ಸಿಗ್ನಲ್ಲನ್ನು ಮೊದಲು ಹಿಡಿಯುವ ಮುಂಭಾಗದ ಟ್ರಾನ್ಸಿಸ್ಟರ್, ಮಾಸ್‌ಫೆಟ್, ಸತ್ತಿತ್ತು.

ಹುಬ್ಬಳ್ಳಿಯಲ್ಲಿ ನನಗಿಂತ ಮೂವತ್ತು ವರ್ಷ ಹಿರಿಯರಾದ ಒಬ್ಬ ಹ್ಯಾಮ್ ಇದ್ದಾರೆ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಸತ್ತ ರೇಡಿಯೊವನ್ನೂ ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಅವರು ರೇಡಿಯೊವನ್ನು ಮುಟ್ಟಲೇ ಇಲ್ಲ. ಡಬ್ಬಿ ತೆರೆದು ಒಳಗೆ ನೋಡಿ ಕೇಳಿದರು:

“ತಮ್ಮಾ, ಕೂಡಿದ ದಾರಿಯಲ್ಲಿ ಎಷ್ಟು ಹೋಗುತ್ತದೆ ಎಂದು ಅಳೆದಿದ್ದೀಯ. ಕೂಡದ ದಾರಿಯಲ್ಲಿ ಎಷ್ಟು ಹೋಗುತ್ತದೆ ಎಂದು ಅಳೆದಿದ್ದೀಯಾ?”

ಅಳೆದಿರಲಿಲ್ಲ. ಅವರ ನ್ಯಾನೋವಿಎನ್‌ಎ ಎಂಬ ಸಣ್ಣ ಅಳತೆ ಯಂತ್ರ ತಂದು ಜೋಡಿಸಿದೆವು. ಸ್ವಿಚ್ ಒಂದನೆಯ ದಾರಿಯಲ್ಲಿದ್ದಾಗ ಎರಡನೆಯ ಸಾಕೆಟ್ಟಿಗೆ ಸೋರಿ ಬರುವುದು 14 ಮೆಗಾಹರ್ಟ್ಜ್‌ನಲ್ಲಿ 32 ಡೆಸಿಬಲ್ ಮಾತ್ರ ಕಡಿಮೆ ಇತ್ತು. 28ರಲ್ಲಿ ಇನ್ನೂ ಕೆಟ್ಟದಾಗಿ 26. ಡೆಸಿಬಲ್ ಲೆಕ್ಕ ಕಷ್ಟದ್ದಲ್ಲ: ಪ್ರತಿ ಹತ್ತಕ್ಕೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. 100 ವಾಟ್‌ಗೆ 30 ಡೆಸಿಬಲ್ ಕಡಿಮೆ ಎಂದರೆ ಸಾವಿರದಲ್ಲಿ ಒಂದು ಪಾಲು, ಹತ್ತನೇ ಒಂದು ವಾಟ್. ಮೈಕ್ರೋವೋಲ್ಟ್‌ಗಳನ್ನು ಕೇಳಲೆಂದು ಕಟ್ಟಿದ ರೇಡಿಯೊದ ಬಾಯಿಗೆ ನಾನು ಒಂದು ತಾಸು ಸುಮಾರು 60 ಮಿಲಿವಾಟ್ ಸುರಿದಿದ್ದೆ. ಒಳಗಿನ ಟ್ಯೂನ್ ಮಾಡಿದ ಕಾಯಿಲ್ ಆ ವೋಲ್ಟೇಜನ್ನು ಇನ್ನೂ ಏರಿಸಿ ಮಾಸ್‌ಫೆಟ್‌ನ ಗೇಟಿಗೆ, ಅಂದರೆ ಸಿಗ್ನಲ್ ಒಳಹೋಗುವ ಕಾಲಿಗೆ, ಮುಟ್ಟಿಸಿತ್ತು.

ಸೋರಿಕೆಗೆ ಕಾರಣ ತೆರೆದಿಟ್ಟ ತಂತಿಗಳು. ಪಕ್ಕಪಕ್ಕದ ಎರಡು ತಂತಿಗಳ ನಡುವೆ ಮೂರು ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ ಇದ್ದರೂ 14 ಮೆಗಾಹರ್ಟ್ಜ್‌ಗೆ ಅದು ನಾಲ್ಕು ಕಿಲೋಓಮ್‌ಗಿಂತ ಕಡಿಮೆಯ ದಾರಿ. ಆಂಟೆನಾ ಕೇಬಲ್‌ಗೆಂದೇ ಮಾಡಿದ ಒಳ್ಳೆಯ ಕೋಆಕ್ಸ್ ಸ್ವಿಚ್ಚಿನಲ್ಲಿ ಎರಕ ಹೊಯ್ದ ಲೋಹದ ಮೈಯೊಳಗೆ ಪ್ರತಿ ದಾರಿಗೂ ಬೇರೆ ಕೋಣೆ ಇರುತ್ತದೆ, ಆರಿಸದ ದಾರಿಗಳ ನಡುಪಿನ್ ಮೈಗೆ ತಾಗಿ ಗ್ರೌಂಡ್ ಆಗುತ್ತದೆ. ಕಾಕಾ ಅವರ ಹಳೆಯ ಸ್ವಿಚ್ಚನ್ನು ಅದೇ ಮೇಜಿನ ಮೇಲೆ ಅಳೆದಾಗ 14 ಮೆಗಾಹರ್ಟ್ಜ್‌ನಲ್ಲಿ 60 ಡೆಸಿಬಲ್ ದಾಟಿತು. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, 100 ವಾಟ್‌ಗೆ 0.1 ಮಿಲಿವಾಟ್. ಆ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ ಮೇಲೆ ಸ್ವಿಚ್ಚಿನ ಬೆಲೆ ನೋಡಿ ಹಿಂದೆ ಸರಿಯುವ ಮಾತೇ ಇರಲಿಲ್ಲ. ಅಂಥವೇ ಎರಡು, ತಲಾ ನಾಲ್ಕು ದಾರಿಯವು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಹುಡುಕಿ ತಂದೆ.

ಕೊಂಡದ್ದನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸದೆ ಬಳಸಬೇಡಿ. ಆರಿಸಿದ ದಾರಿಯಲ್ಲಿ ನಡುಪಿನ್ನಿನಿಂದ ನಡುಪಿನ್ನಿಗೆ ಸೊನ್ನೆ ಓಮ್ ಬರಬೇಕು. ಆರಿಸದ ದಾರಿಯ ನಡುಪಿನ್ನಿನಿಂದ ಮೈಗೂ ಸೊನ್ನೆ ಬರಬೇಕು, ಬಾರದಿದ್ದರೆ ಅದು ಗ್ರೌಂಡ್ ಮಾಡುವ ಜಾತಿಯದಲ್ಲ. ಆರಿಸಿದ ದಾರಿಯಿಂದ ಮೈಗೆ ಏನೂ ತೋರಿಸಬಾರದು. ಐದು ನಿಮಿಷದ ಕೆಲಸ.

ಜೋಡಣೆ ಹೀಗೆ: ಎರಡು ಸ್ವಿಚ್‌ಗಳ ಎಲ್ಲ ದಾರಿಗಳಿಗೂ ಸೇರಿದ ಸಾಮಾನ್ಯ ಸಾಕೆಟ್‌ಗಳನ್ನು ಮುಖಾಮುಖಿಯಾಗಿಸಿದೆ. ಎಡಗಡೆಯದು ರೇಡಿಯೊ ಆರಿಸುತ್ತದೆ, ಬಲಗಡೆಯದು ಆಂಟೆನಾ ಆರಿಸುತ್ತದೆ. ನಡುವಿನ ಒಂದೇ ದಾರಿಯಲ್ಲಿ ಮೊದಲು ಆಂಟೆನಾದಿಂದ ಎಷ್ಟು ಶಕ್ತಿ ಹಿಂದಕ್ಕೆ ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್, ಆಮೇಲೆ ಟ್ಯೂನರ್. ಈ ವಿಧಾನದ ನಿಜವಾದ ಲಾಭ ಇರುವುದು ಆ ನಡುದಾರಿಯಲ್ಲಿ. ಒಂದೇ ಮೀಟರ್, ಒಂದೇ ಟ್ಯೂನರ್ ಎಲ್ಲ ರೇಡಿಯೊಗಳಿಗೂ ಎಲ್ಲ ಆಂಟೆನಾಗಳಿಗೂ ಆಗಿಬರುತ್ತದೆ. ಯಾವ ರೇಡಿಯೊ ಹಾಕಿದರೂ ನೋಡುವುದು ಅದೇ ಮುಳ್ಳನ್ನು. ಡೈಪೋಲ್‌ಗಳಿಗೆ ಟ್ಯೂನರನ್ನು ಬೈಪಾಸ್‌ನಲ್ಲಿಡುತ್ತೇನೆ, ಉದ್ದ ತಂತಿಗೆ ಮಾತ್ರ ಒಳಗೆ ತರುತ್ತೇನೆ. ಸ್ವಿಚ್, ಮೀಟರ್, ಟ್ಯೂನರ್ ಎಲ್ಲವನ್ನೂ ಒಂದೇ ಅಲ್ಯುಮಿನಿಯಂ ಹಾಳೆಯ ಮೇಲೆ ಕೂಡಿಸಿ, ಆ ಹಾಳೆಯಿಂದ ಅಗಲವಾದ ತಾಮ್ರದ ಪಟ್ಟಿಯನ್ನು ಹೊರಗಿನ ಅರ್ಥಿಂಗ್ ಪೈಪಿಗೆ ಇಳಿಸಿದ್ದೇನೆ.

ಆಂಟೆನಾ ಸ್ವಿಚ್ಚಿನ ನಾಲ್ಕನೆಯ ದಾರಿಗೆ ಡಮ್ಮಿ ಲೋಡ್, ಅಂದರೆ ಶಕ್ತಿಯನ್ನು ಗಾಳಿಗೆ ಬಿಡದೆ ಬಿಸಿಯಾಗಿ ಕರಗಿಸುವ ಪ್ರತಿರೋಧ. ಇದನ್ನು ಬಿಡಬೇಡಿ. ಬಿಟ್‌ಎಕ್ಸ್ ಬಿಚ್ಚಿ ತಿದ್ದಿದಾಗಲೆಲ್ಲ ಮೊದಲು ಡಮ್ಮಿ ಲೋಡಿಗೆ ಹಾಕಿ ನೋಡುತ್ತೇನೆ, ಗಾಳಿಗೆ ಕಸ ಬಿಡುವುದಿಲ್ಲ. ಇನ್ನೊಂದು ಉಪಯೋಗ ಆಮೇಲೆ ತಿಳಿಯಿತು. ಆಂಟೆನಾದಲ್ಲಿ ಎಸ್‌ಡಬ್ಲ್ಯುಆರ್ ಏರಿದರೆ ಡಮ್ಮಿಗೆ ತಿರುಗಿಸುತ್ತೇನೆ. ಅಲ್ಲಿ ಸರಿ ಇದ್ದರೆ ತಪ್ಪು ಹೊರಗಿದೆ, ಏಣಿ ತೆಗೆದುಕೊಳ್ಳಬೇಕು. ಅಲ್ಲಿಯೂ ಏರಿದ್ದರೆ ತಪ್ಪು ಮೇಜಿನ ಮೇಲೆಯೇ ಇದೆ. ಕಳೆದ ಮಳೆಗಾಲದಲ್ಲಿ 40 ಮೀಟರ್ ಡೈಪೋಲಿನ ಕೇಬಲ್ಲಿಗೆ ನೀರು ಇಳಿದಿತ್ತು, ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ರೇಡಿಯೊ ಸ್ವಿಚ್ಚಿನ ವಿಷಯದಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಆರಿಸದ ದಾರಿ ಗ್ರೌಂಡ್ ಆಗುತ್ತದೆ ಎಂದರೆ ಆರಿಸದ ರೇಡಿಯೊದ ಬೆನ್ನಿಗೆ ಶಾರ್ಟ್ ಇದೆ ಎಂದೇ ಅರ್ಥ. ಕೇಳುವಾಗ ಅದು ರಕ್ಷಣೆ. ಮರೆತು ಅದರ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿದರೆ ಮಾತ್ರ ಕಳುಹಿಸಿದ ಶಕ್ತಿಯೆಲ್ಲ ಹಿಂದಕ್ಕೆ ಬರುತ್ತದೆ. ಕಾರ್ಖಾನೆಯಲ್ಲಿ ತಯಾರಾದ ರೇಡಿಯೊ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಬಿಟ್‌ಎಕ್ಸ್‌ನ ಕೊನೆಯ ಹಂತದ ಟ್ರಾನ್ಸಿಸ್ಟರ್ ಐಆರ್‌ಎಫ್510ಗೆ ಅಂಥ ಕಾವಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಒಂದು ರೇಡಿಯೊ ಚಾಲೂ ಇದ್ದರೆ ಮತ್ತೊಂದು ಪೂರ್ತಿ ಬಂದ್.

ಮಾತನಾಡುತ್ತಿರುವಾಗ ಸ್ವಿಚ್ ತಿರುಗಿಸಬಾರದು ಎಂದು ಎಲ್ಲರೂ ಹೇಳುತ್ತಾರೆ. ನಾನೂ ತಿಳಿದಿದ್ದೆ. ಆದರೂ ಒಂದು ರಾತ್ರಿ ಉದ್ದ ತಂತಿಗೆ ಟ್ಯೂನ್ ಮಾಡಲೆಂದು ಕ್ಯಾರಿಯರ್ (ಮಾತಿಲ್ಲದ ಬರಿಯ ಅಲೆ) ಬಿಟ್ಟುಕೊಂಡು, ಬಲಗೈ ಟ್ಯೂನರಿನ ಮೇಲಿದ್ದಾಗಲೇ ಎಡಗೈ ತಾನಾಗಿ ಆಂಟೆನಾ ಸ್ವಿಚ್ಚಿಗೆ ಹೋಯಿತು. ಒಳಗಿನಿಂದ ಚಟ್ ಎಂಬ ಸಣ್ಣ ಸದ್ದು. ರೇಡಿಯೊ ತಕ್ಷಣ ಶಕ್ತಿ ಇಳಿಸಿಕೊಂಡಿತು, ಅದಕ್ಕೇನೂ ಆಗಲಿಲ್ಲ. ಆದರೆ ಆವತ್ತಿನಿಂದ ಮೂರನೆಯ ದಾರಿಯಲ್ಲಿ ಮೀಟರಿನ ಮುಳ್ಳು ನಡುಗಲು ಶುರುವಾಯಿತು. ಹಿಂಬದಿಯ ತಿರುಪು ಬಿಚ್ಚಿ ನೋಡಿದೆ. ಬೆಳ್ಳಿ ಲೇಪದ ನಾಲಗೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಕುಳಿ, ಸುತ್ತ ಮಸಿಯ ಉಂಗುರ. ಎದುರಿನ ಸಂಪರ್ಕದ ಮೇಲೆ ಅದಕ್ಕೆ ಸರಿಯಾಗಿ ಕರಗಿ ಎದ್ದ ಒಂದು ಹನಿ. ಮೂರು ಬೆರಳಿನ ಒಂದು ತಿರುವಿಗೆ ಇಷ್ಟಾಗಿತ್ತು. ಮರಳು ಕಾಗದ ಹಾಕಿದರೆ ಬೆಳ್ಳಿಯ ಲೇಪವೇ ಹೋಗುತ್ತದೆ ಎಂದು ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಮಸಿ ಒರೆಸಿದೆ. ಕುಳಿ ಇಂದಿಗೂ ಇದೆ. ಆ ದಾರಿಯನ್ನು ಕೇಳುವುದಕ್ಕೂ ಹತ್ತು ವಾಟ್ ಒಳಗಿನ ಕೆಲಸಕ್ಕೂ ಮಾತ್ರ ಬಳಸುತ್ತೇನೆ.

ಅದಾದ ಮೇಲೆ ಮೈಕ್ ನೇತುಹಾಕುವ ಕೊಕ್ಕೆಯನ್ನು ಸ್ವಿಚ್ಚಿನ ಪಕ್ಕಕ್ಕೇ ಹೊಡೆದೆ. ಕೊಕ್ಕೆಗೆ ಮೈಕ್ ಹಾಕಿದ ಕೈಯೇ ಸ್ವಿಚ್ ತಿರುಗಿಸಬೇಕು, ಇನ್ನೊಂದು ಕೈಗೆ ಅನುಮತಿ ಇಲ್ಲ. ಟ್ಯೂನ್ ಮಾಡುವಾಗಲೂ ಅಷ್ಟೇ, ಕ್ಯಾರಿಯರ್ ನಿಲ್ಲಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡು, ಆಮೇಲೆ.

ಈ ಮೂರರ ಹೊರತಾಗಿ ಇರುವ ಎರಡು ಮೀಟರ್ ಬ್ಯಾಂಡಿನ ವಿಎಚ್ಎಫ್ ರೇಡಿಯೊವನ್ನು ಈ ವ್ಯವಸ್ಥೆಗೆ ಸೇರಿಸಿಲ್ಲ. ಪಿಎಲ್-259 ಜಾತಿಯ ಸಾಕೆಟ್‌ಗಳು 7 ಮೆಗಾಹರ್ಟ್ಜ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ, 145ರಲ್ಲಿ ಪ್ರತಿಯೊಂದೂ ಒಂದೊಂದು ಉಬ್ಬು. ಜೊತೆಗೆ ಊರಿನ ಗೆಳೆಯರ ಮಾತನ್ನು ವಿಎಚ್ಎಫ್‌ನಲ್ಲಿ ಕೇಳುತ್ತಲೇ ಇನ್ನೊಂದರಲ್ಲಿ ದೂರದವರನ್ನು ಹುಡುಕುವುದು ನನಗೆ ಬೇಕು, ನಡುದಾರಿ ಒಂದೇ ಇರುವ ಜೋಡಣೆಯಲ್ಲಿ ಅದು ಆಗದು. ಅದಕ್ಕೆ ಬೇರೆ ಆಂಟೆನಾ, ಬೇರೆ ದಪ್ಪ ಕೇಬಲ್. ತೆಳುವಾದ ಆರ್‌ಜಿ-58ನಲ್ಲಿ ಮೂವತ್ತು ಮೀಟರ್ ಎಳೆದರೆ 145 ಮೆಗಾಹರ್ಟ್ಜ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೇಬಲ್ಲಿನಲ್ಲೇ ಕರಗುತ್ತದೆ.

ಸತ್ತ ರೇಡಿಯೊವನ್ನು ಮತ್ತೆ ಬದುಕಿಸಿದೆ, ಆದರೆ ಆ ಸ್ವಿಚ್ಚಿಗೆ ಮರಳಿ ಹಾಕಲಿಲ್ಲ. ಅದಕ್ಕೆ ಗೋಡೆಯುದ್ದಕ್ಕೂ ಒಂದು ಪ್ರತ್ಯೇಕ ತಂತಿ ಎಳೆದು, ಬಾಯಿಗೆ ಎರಡು 1ಎನ್4148 ಡಯೋಡ್‌ಗಳನ್ನು ಎದುರುಬದುರಾಗಿ ಕೂಡಿಸಿದೆ. 0.6 ವೋಲ್ಟ್ ದಾಟಿದ್ದನ್ನು ಅವು ಕತ್ತರಿಸುತ್ತವೆ. ಪಕ್ಕದಲ್ಲೇ 100 ವಾಟ್ ಹೊರಟರೂ ಗೇಟ್ ಸುರಕ್ಷಿತ. ಆ ಸಂಜೆ ಹಾಕಿ ಕೇಳಿದರೆ 7 ಮೆಗಾಹರ್ಟ್ಜ್‌ನ ತುಂಬ ಮಂದವಾಗಿ ವಚನ ಗಾಯನ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ, 765 ಕಿಲೋಹರ್ಟ್ಜ್. ನಿಲಯ ತನ್ನ ಜಾಗದಲ್ಲೇ ಇತ್ತು, ತಪ್ಪು ನನ್ನ ಡಯೋಡ್‌ಗಳದು. ಊರಿನ ಬಲವಾದ ಸಿಗ್ನಲ್ಲನ್ನು ಅವು ತುಸು ತುಸು ಕತ್ತರಿಸಿ, ಬೇರೆ ಸಿಗ್ನಲ್‌ಗಳ ಜೊತೆ ಬೆರೆಸಿ, ಇಲ್ಲದ ಜಾಗಗಳಲ್ಲಿ ಹುಟ್ಟಿಸುತ್ತಿದ್ದವು. ತಂತಿಗೂ ಡಯೋಡ್‌ಗಳಿಗೂ ನಡುವೆ, 3 ಮೆಗಾಹರ್ಟ್ಜ್‌ಗಿಂತ ಕೆಳಗಿನದನ್ನು ತಡೆಯುವ ಒಂದು ಹೈಪಾಸ್ ಫಿಲ್ಟರ್ ಹಾಕಿದೆ, ವಚನ ನಿಂತಿತು. ಫಿಲ್ಟರನ್ನು ಡಯೋಡ್‌ಗಳ ಆಚೆ ರೇಡಿಯೊದ ಕಡೆ ಹಾಕಿದರೆ ಉಪಯೋಗವಿಲ್ಲ, ಬೆರಕೆ ಆಗಲೇ ಆಗಿರುತ್ತದೆ.

ಕೇಬಲ್‌ಗಳ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿದ್ದೇನೆ: 40 ಮೀಟರ್‌ಗೆ ಕೆಂಪು, 20ಕ್ಕೆ ಹಳದಿ, ಉದ್ದ ತಂತಿಗೆ ಹಸಿರು. ಇದು ಅಂದಕ್ಕಲ್ಲ. ಏಪ್ರಿಲ್ ಕೊನೆಯಿಂದ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲು ಕಟ್ಟಿಕೊಂಡೇ ಬರುತ್ತವೆ. ಸ್ವಿಚ್ಚನ್ನು ಗ್ರೌಂಡಿಗೆ ತಿರುಗಿಸಿಟ್ಟರೆ ಸಾಕು ಎಂದು ನಂಬಿದವರನ್ನು ಕಂಡಿದ್ದೇನೆ. ಮೋಡದಿಂದ ನೆಲದವರೆಗೆ ಹಾರಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಅರ್ಧ ಸೆಂಟಿಮೀಟರ್ ಸಂದು ಯಾವ ಲೆಕ್ಕಕ್ಕೂ ಇಲ್ಲ. ನವಲಗುಂದದ ಕಡೆ ಎರೆಭೂಮಿಯಲ್ಲಿರುವ ಗೆಳೆಯನಿಗೆ ಇನ್ನೊಂದು ತೊಡಕು: ಬೇಸಿಗೆಗೆ ನೆಲ ಒಣಗಿ ಬಿರುಕು ಬಿಟ್ಟು ಅರ್ಥಿಂಗ್ ಪೈಪನ್ನೇ ಬಿಟ್ಟು ಸರಿಯುತ್ತದೆ. ಮೊದಲ ಮಳೆಗೆ ಮುಂಚೆಯೇ ಗುಂಡಿಗೆ ನೀರು ಹಾಕಬೇಕು ಎಂದು ಅವನಿಗೆ ಪ್ರತಿ ವರ್ಷ ಫೋನ್ ಮಾಡಿ ನೆನಪಿಸುತ್ತೇನೆ.

ಮೂಡಲಲ್ಲಿ ಮೋಡ ಕಪ್ಪಾದರೆ ನಾನು ಕಾಯುವುದಿಲ್ಲ. ಮೊದಲ ಗುಡುಗು ಕೇಳುವ ಮುನ್ನ ರೇಡಿಯೊಗಳ ವಿದ್ಯುತ್ ತೆಗೆದು, ಮೂರೂ ಕೇಬಲ್‌ಗಳನ್ನು ಆಂಟೆನಾ ಸ್ವಿಚ್ಚಿನಿಂದ ಬಿಚ್ಚಿ, ಕಿಟಕಿಯ ಹೊರಗೆ ಅರ್ಥಿಂಗ್ ಪಟ್ಟಿಗೆ ಕೂಡಿಸಿದ ಮೂರು ಸಾಕೆಟ್‌ಗಳಿಗೆ ಹಾಕಿ ಕಿಟಕಿ ಮುಚ್ಚುತ್ತೇನೆ. ಗುಡುಗು ಶುರುವಾದ ಮೇಲೆ ನೆನಪಾದರೆ ಕೇಬಲ್ ಮುಟ್ಟುವುದಿಲ್ಲ, ಆ ಕೋಣೆಯ ಬಾಗಿಲು ಹಾಕಿ ಮನೆಯೊಳಗೇ ಬೇರೆ ಕಡೆ ಕೂರುತ್ತೇನೆ. ಬೆಳಿಗ್ಗೆ ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಹಸಿರಿಗೆ ಹಸಿರು ಕೂಡಿಸಿ, ಮೊದಲು ಡಮ್ಮಿಯಲ್ಲಿ, ಆಮೇಲೆ ಒಂದೊಂದೇ ಆಂಟೆನಾದಲ್ಲಿ ಐದು ವಾಟ್ ಬಿಟ್ಟು ಮುಳ್ಳು ನೋಡುತ್ತೇನೆ.