ಹಳೇ ಕಾರಿನ ಜಾತಕ ತೆಗೆಯುವುದು ಹೇಗೆ?

ಹಳೇ ಅಂಬಾಸಿಡರ್, ಫಿಯೆಟ್ ಕೊಳ್ಳಲು ಹೋದವರು ಎಂಜಿನ್ ಸದ್ದು ಕೇಳುತ್ತಾರೆ, ತುಕ್ಕು ಹುಡುಕುತ್ತಾರೆ, ಸೀಟು ಒತ್ತಿ ನೋಡುತ್ತಾರೆ. ಕಾರು ಯಾರ್ಯಾರ ಕೈ ದಾಟಿ ಬಂತು ಎಂಬುದಕ್ಕೆ ಮಾತ್ರ ‘ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್’ ಅನ್ನುವ ಬ್ರೋಕರ್ ಮಾತೇ ಸಾಕ್ಷಿ. ಆಮೇಲೆ ಆರ್‌ಟಿಒ ಕೌಂಟರ್ ಮುಂದೆ ತಲೆ ಮೇಲೆ ಕೈ. ಅಡ್ವಾನ್ಸ್ ಕೊಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಮೊದಲನೆಯದು ಚಾಸಿ ನಂಬರಿನ, ಅಂದರೆ ಕಂಪನಿಯವರು ಕಾರಿನ ತಗಡಿನ ಮೇಲೆ ಒತ್ತಿದ ನಂಬರಿನ, ಪೆನ್ಸಿಲ್ ಪ್ರಿಂಟ್. ನಂಬರ್ ಪ್ಲೇಟ್ ನಂಬಿ ಹುಡುಕಬೇಡಿ. ಕಾರು ಬೇರೆ ರಾಜ್ಯದಲ್ಲಿ ಮತ್ತೆ ರಿಜಿಸ್ಟರ್ ಆದರೆ ಪ್ಲೇಟ್ ಬದಲಾಗುತ್ತದೆ, ಚಾಸಿ ನಂಬರ್ ಬದಲಾಗುವುದಿಲ್ಲ. ಜಾಸ್ತಿ ಜನ ಕೆಡಿಸುವುದು ಇಲ್ಲೇ. ಬಾನೆಟ್ ಎತ್ತಿ ಎಂಜಿನ್ ಹಿಂದಿನ ತಗಡು ನೋಡಿ, ಅಲ್ಲಿ ಸಿಗದಿದ್ದರೆ ಆ ಮಾಡೆಲ್ ಬಲ್ಲ ಮೆಕ್ಯಾನಿಕ್ಕನ್ನು ಕೇಳಿ. ನಂಬರಿನ ಮೇಲೆ ಗ್ರೀಸು, ಧೂಳು, ಒಂದೆರಡು ಕೋಟ್ ಪೇಂಟು ಕೂತಿರುತ್ತದೆ. ತಕ್ಷಣ ವೈರ್ ಬ್ರಶ್ ಹಿಡಿದು ಉಜ್ಜುವವರನ್ನು, ಗ್ರೈಂಡರ್ ಹಾಕಿಸಿದ ಮಹಾನುಭಾವರನ್ನೂ ನೋಡಿದ್ದೇನೆ. ಅಂಕಿ ಸವೆದರೆ ನಂಬರ್ ತಿದ್ದಿದ್ದೀರಿ ಅನ್ನುವ ಅನುಮಾನ ನಿಮ್ಮ ಮೇಲೇ ಬರುತ್ತದೆ. ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಗ್ರೀಸು ಒರೆಸಿ, ಪೇಂಟಿದ್ದರೆ ಥಿನ್ನರ್ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಟ್ಟು, ಹಳೇ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿ, ಪೂರ್ತಿ ಒಣಗುವ ತನಕ ಕಾಯಿರಿ. ಒದ್ದೆ ಇದ್ದರೆ ಹಾಳೆ ಹರಿಯುತ್ತದೆ. ತೆಳು ಬಿಳಿ ಹಾಳೆಯನ್ನು ನಂಬರಿನ ಮೇಲಿಟ್ಟು ನಾಲ್ಕೂ ಅಂಚಿಗೆ ಸೆಲ್ಲೋ ಟೇಪ್ ಅಂಟಿಸಿ. ಪೆನ್ಸಿಲ್ ಮೊನೆಯನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. 2ಬಿ ಪೆನ್ಸಿಲ್ಲೇ ಆಗಬೇಕು, ಗಟ್ಟಿ ಪೆನ್ಸಿಲ್ ಬೇಡವೇ ಬೇಡ.

ಪ್ರಿಂಟನ್ನು ಆರ್‌ಸಿ (ನೋಂದಣಿ ಪತ್ರ) ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. 3 ಮತ್ತು 8, 1 ಮತ್ತು 7 ಕಲಸಿಹೋಗುತ್ತವೆ. ಅಂಕಿಗಳ ಆಳ ಒಂದೇ ಥರ ಇಲ್ಲದಿದ್ದರೆ, ಸುತ್ತ ವೆಲ್ಡಿಂಗ್ ಗುರುತಿದ್ದರೆ ಆ ಕಾರು ಬಿಟ್ಟುಬಿಡಿ. ಎಷ್ಟೇ ಅಗ್ಗವಾಗಿರಲಿ.

ಇನ್ನು ಆರ್‌ಸಿ. ಸ್ಮಾರ್ಟ್ ಕಾರ್ಡ್ ತೋರಿಸಿದರೆ ಸಾಲದು, ಹಳೇ ಪುಸ್ತಕ ಇದೆಯಾ ಕೇಳಿ. ಕೈ ಬದಲಾದದ್ದು, ಸಾಲ, ಬೇರೆ ಆರ್‌ಟಿಒಗೆ ಹೋದದ್ದು ಎಲ್ಲಾ ಅದರ ಹಿಂದಿನ ಪುಟಗಳಲ್ಲಿ ಸೀಲು, ತಾರೀಖಿನ ಸಮೇತ ಇರುತ್ತದೆ. ಹೆಸರು ವರ್ಗಾವಣೆಗೆ ಕೊಡುವ ಫಾರ್ಮ್ 29, 30 ಸಹಿ ಹಾಕಿ ಖಾಲಿ ಬಿಟ್ಟ ಕಟ್ಟು ಕೈಗೆ ಬಂತೋ, ಹುಷಾರು. ನಡುವೆ ನಾಲ್ಕು ಜನ ಓಡಿಸಿರಬಹುದು, ಕಾಗದದಲ್ಲಿ ಮಾತ್ರ ಇವತ್ತಿಗೂ ಮೊದಲಿನವರೇ ಓನರ್. ಅವರು ತೀರಿಕೊಂಡಿದ್ದರೆ ವಾರಸುದಾರರು ಫಾರ್ಮ್ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು. ಸರ್ಕಾರಿ ಹರಾಜಿನ ಅಂಬಾಸಿಡರ್ ಆಗಿದ್ದರೆ ಹರಾಜಿನಲ್ಲಿ ಕೊಂಡವರ ಹೆಸರಿಗೆ ಮಾಡಿಸುವ ಫಾರ್ಮ್ 32 ಮತ್ತು ಹರಾಜಿನ ಆದೇಶ ಕೇಳಿ.

ದುಡ್ಡು ಕೊಟ್ಟರೆ ‘ಪೂರ್ತಿ ಹಿಸ್ಟರಿ’ ಕೊಡುತ್ತೇವೆ ಅನ್ನುವ ಆ್ಯಪ್‌ಗಳಿವೆ. ಸುಮ್ನೆ ದಂಡ. ಕಂಪ್ಯೂಟರಿಗೆ ಏರದ ಆರ್‌ಟಿಒ ಲೆಡ್ಜರ್ ಅವಕ್ಕೆಲ್ಲಿ ಸಿಗಬೇಕು?

ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ನೋಂದಣಿ ರಿಜಿಸ್ಟರಿನ ನಕಲು, ತೆಗೆಸಿ. ಈಗ ಯಾರ ಹೆಸರಿನಲ್ಲಿದೆ, ಸಾಲ ಬಾಕಿ ಇದೆಯಾ ಎಂಬುದು ಅದರಿಂದ ಗೊತ್ತಾಗುತ್ತದೆ. ಅದಕ್ಕೂ ಹಿಂದಿನದು ಬೇಕಿದ್ದರೆ 10 ರೂಪಾಯಿಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಆದ್ದರಿಂದ ಕಥೆ ಬರೆಯಬೇಡಿ. ಹೆಸರು, ವಿಳಾಸ ಖಾಸಗಿ ಮಾಹಿತಿ ಅಂತ ತಳ್ಳಿಹಾಕಬಹುದು. ಎಷ್ಟು ಸಲ ವರ್ಗಾವಣೆಯಾಯಿತು, ಯಾವ ತಾರೀಖಿಗೆ, ಬೇರೆ ಆರ್‌ಟಿಒಗೆ ಗಾಡಿ ಸಾಗಿಸಲು ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಯಾವ ಕಚೇರಿಗೆ ಹೋಯಿತು ಎಂದು ಕೇಳಿ. ಮುಂದಿನ ಅರ್ಜಿ ಆ ಕಚೇರಿಗೆ.

ತೀರಾ ಹಳೇ ಕಾರಾದರೆ ಇನ್ನೊಂದು ತಮಾಷೆ ಇದೆ. 1956ರ ನವೆಂಬರ್ 1ರ ತನಕ ಧಾರವಾಡ ಮುಂಬೈ ರಾಜ್ಯದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿತ್ತು. ಹಾಗಾಗಿ ಮುಂಬೈ, ಮದ್ರಾಸಿನ ನಂಬರ್ ಕಂಡ ಮಾತ್ರಕ್ಕೆ ಕಾರು ಹೊರಗಿನಿಂದ ಬಂತು ಅಂದುಕೊಳ್ಳಬೇಡಿ, ಮೊದಲ ಓನರ್ ಹುಬ್ಬಳ್ಳಿಯವರೇ ಇರಬಹುದು. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಮೊದಲೇ ನೋಂದಣಿಯಾದ ಕಾರಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಆ ಅರ್ಜಿಗೂ ಹಳೇ ಆರ್‌ಸಿ ಬೇಕೇ ಬೇಕು.