ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳಿಗೆ ಖಾಯಂ ಹೆಸರು: ಕರ್ನಲ್, ಯುಡೆವ್ ಮತ್ತು ನನ್ನ ಅನುಭವ

ಒಂದೇ ಲಿನಕ್ಸ್ ಬೋರ್ಡಿಗೆ ಎರಡು ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿದರೆ ಯಾವುದು ಟಿಟಿವೈಯುಎಸ್‌ಬಿ0, ಯಾವುದು ಟಿಟಿವೈಯುಎಸ್‌ಬಿ1 ಆಗುತ್ತದೆ ಎನ್ನುವುದಕ್ಕೆ ಖಾತ್ರಿಯಿಲ್ಲ. ಮೊದಲು ಪತ್ತೆಯಾದದ್ದಕ್ಕೆ 0, ಅಷ್ಟೇ. ರೀಬೂಟ್ ಆದಮೇಲೆ ಎನರ್ಜಿ ಮೀಟರಿನದೂ ಜಿಪಿಎಸ್‌ನದೂ ಅದಲುಬದಲಾದರೆ ಪ್ರೋಗ್ರಾಂ ಓದುವುದೆಲ್ಲ ಕಸ.

ಇಲ್ಲಿ ನಡೆಯುವ ಕೆಲಸದ ಸರದಿ ತಿಳಿದಿರಬೇಕು. ಡ್ರೈವರ್ ಸಾಧನವನ್ನು ನೋಂದಾಯಿಸಿದಾಗ ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳ ವಿವರವನ್ನು ಕರ್ನಲ್, ಅಂದರೆ ಲಿನಕ್ಸಿನ ತಿರುಳು, ತೋರಿಸುವ ಫೈಲುಗಳ ಮರ) ಅದರ ಡೈರೆಕ್ಟರಿ ಮೂಡುತ್ತದೆ. ಆಮೇಲೆ ಡೆವ್‌ಟಿಎಂಪಿಎಫ್‌ಎಸ್ ಮೂಲಕ ಕರ್ನಲ್ ತಾನೇ ನೋಡ್, ಅಂದರೆ ಪ್ರೋಗ್ರಾಂಗಳು ಸಾಧನವನ್ನು ತೆರೆಯಲು ಬಳಸುವ ಫೈಲ್, ಸೃಷ್ಟಿಸುತ್ತದೆ (2.6.32ರಿಂದ ಈ ಸೌಲಭ್ಯವಿದೆ). ಡ್ರೈವರ್ ಬೇರೇನೂ ಹೇಳದಿದ್ದರೆ ಒಡೆಯ ರೂಟ್, ಅನುಮತಿ 0600. ಇಷ್ಟಾದ ಮೇಲಷ್ಟೇ ನೆಟ್‌ಲಿಂಕ್ ಸಾಕೆಟ್ (ಕರ್ನಲ್‌ನಿಂದ ಪ್ರೋಗ್ರಾಂಗಳಿಗೆ ಸುದ್ದಿ ಒಯ್ಯುವ ದಾರಿ) ಮೇಲೆ ಯುಇವೆಂಟ್, ಅಂದರೆ ‘ಸಾಧನ ಬಂತು’ ಎಂಬಂಥ, ಸಂದೇಶ ಹೊರಡುತ್ತದೆ, ಗುಂಪು 1ಕ್ಕೆ. ಯುಡೆವ್ (ಸಾಧನಗಳ ಹೆಸರು, ಅನುಮತಿ ನೋಡಿಕೊಳ್ಳುವ ಹಿನ್ನೆಲೆ ಪ್ರೋಗ್ರಾಂ) ಅದನ್ನು ಓದಿ, ನಾವು ಬರೆದಿಟ್ಟ ರೂಲ್‌ಗಳನ್ನು ಅನ್ವಯಿಸಿ, ಅನುಮತಿ ಮತ್ತು ಸಿಮ್‌ಲಿಂಕ್ (ನೋಡಿಗೆ ಕೊಡುವ ಇನ್ನೊಂದು ಹೆಸರು) ಸರಿಮಾಡಿ, ಗುಂಪು 2ಕ್ಕೆ ಮತ್ತೊಮ್ಮೆ ಸಾರುತ್ತದೆ. ಈ ಸುದ್ದಿಗಳನ್ನು ತೋರಿಸುವ ಯುಡೆವ್‌ಆಡ್ಮ್ ಮಾನಿಟರ್ ಆದೇಶ ಓಡಿಸಿ ಕೇಬಲ್ ಚುಚ್ಚಿದರೆ ಒಂದೇ ಸುದ್ದಿ ಎರಡು ಸಲ ಕಾಣುವುದು ಇದರಿಂದಲೇ.

ಪ್ರಾಪರ್ಟಿ ಆಯ್ಕೆಯೊಡನೆ ಓಡಿಸಿ ಮೊದಲ ಸಂದೇಶವನ್ನು ನೋಡಿ: ಆಕ್ಷನ್, ಸಿಸ್‌ಎಫ್‌ಎಸ್ ದಾರಿ, ಸಬ್‌ಸಿಸ್ಟಮ್ ಟಿಟಿವೈ, ಮೇಜರ್ 188, ಮೈನರ್, ನೋಡಿನ ಹೆಸರು, ಕ್ರಮಸಂಖ್ಯೆ. ವೆಂಡರ್ ಐಡಿ (ತಯಾರಕರ ಸಂಖ್ಯೆ) ಅದರಲ್ಲಿಲ್ಲ! ಅದಿರುವುದು ಮೇಲಿನ ಯುಎಸ್‌ಬಿ ಸಾಧನದಲ್ಲಿ. ಯುಡೆವ್ ಸಿಸ್‌ಎಫ್‌ಎಸ್ ಮರ ಹತ್ತಿ ತರಬೇಕು. ರೂಲ್‌ನಲ್ಲಿ ‘ಆಟ್ರ್’ ಬದಲು ‘ಆಟ್ರ್ಸ್’ ಬರೆಯುವುದು ಈ ಹತ್ತುವಿಕೆಗಾಗಿ.

ಎಫ್‌ಟಿ232 ಕೇಬಲ್ ಆದರೆ ನನ್ನ ರೂಲ್ ಹೀಗಿರುತ್ತದೆ: ಸಬ್‌ಸಿಸ್ಟಮ್ ಟಿಟಿವೈ, ವೆಂಡರ್ 0403, ಪ್ರಾಡಕ್ಟ್ 6001, ಜತೆಗೆ ಆ ಕೇಬಲ್ಲಿನ ಸೀರಿಯಲ್ ನಂಬರ್. ಹೋಲಿಸುವ ಇವೆಲ್ಲಕ್ಕೂ ಎರಡು ಸಮಚಿಹ್ನೆ. ಕೊನೆಯಲ್ಲಿ ಸಿಮ್‌ಲಿಂಕ್‌ಗೆ ಕೂಡು-ಸಮ ಚಿಹ್ನೆ ಹಾಕಿ ‘ಮೀಟರ್’ ಎಂಬ ಹೆಸರು. ನೋಡಿನ ಮೂಲ ಹೆಸರನ್ನೇ ಬದಲಿಸಲು ಹೋಗಬೇಡಿ, ಯುಡೆವ್ ಅದಕ್ಕೆ ಬಿಡುವುದಿಲ್ಲ.

ಸಿಎಚ್340 ಚಿಪ್ಪಿನ ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರುವುದಿಲ್ಲ. ಆಗ ಉಳಿಯುವುದು ಪೋರ್ಟಿನ ವಿಳಾಸ, ಉದಾಹರಣೆಗೆ 1-1.2. ‘ಕರ್ನಲ್ಸ್’ ಕೀಗೆ ಅದನ್ನು ಹೋಲಿಸಿ, ಹಬ್ಬಿನ ಆ ಪೋರ್ಟ್ ಮೇಲೆ ಚೀಟಿ ಅಂಟಿಸಿ. ಕೇಬಲ್ ಬೇರೆ ತೂತಿಗೆ ಹೋದರೆ ಹೆಸರೂ ಹೋಗುತ್ತದೆ.

ರೂಲ್ ಹಿಡಿಯದಿದ್ದರೆ ನಾನು ಮೊದಲು ನೋಡುವುದು ಇದು: ‘ಸ್’ ಕೊನೆಯ ಕೀಗಳೆಲ್ಲ ಒಂದೇ ಪೂರ್ವಜ ಸಾಧನಕ್ಕೆ ಹೊಂದಬೇಕು. ಇಂಟರ್‌ಫೇಸ್ ನಂಬರನ್ನು ಒಂದು ಮಟ್ಟದಿಂದ, ವೆಂಡರ್ ಐಡಿಯನ್ನು ಇನ್ನೊಂದು ಮಟ್ಟದಿಂದ ತೆಗೆದು ಒಂದೇ ಸಾಲಿಗೆ ಹಾಕಿದರೆ ಅದು ಎಂದಿಗೂ ಹೊಂದುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಯುಡೆವ್‌ಆಡ್ಮ್ ಇನ್ಫೋದ ಆಟ್ರಿಬ್ಯೂಟ್-ವಾಕ್ ಈ ಮಟ್ಟಗಳನ್ನು ಬ್ಲಾಕ್ ಬ್ಲಾಕಾಗಿ ತೋರಿಸುತ್ತದೆ. ಒಂದು ಬ್ಲಾಕಿನಿಂದಷ್ಟೇ ಆರಿಸಿ. ಇನ್ನೊಂದು, ರೂಲ್ ಫೈಲಿನ ನಂಬರ್, ಅಂದರೆ ಅದನ್ನು ಓದುವ ಸರದಿ. ಲಾಗಿನ್ ಆದವರಿಗೆ ಅನುಮತಿ ಕೊಡುವ ‘ಯುಆಕ್ಸೆಸ್’ ಟ್ಯಾಗನ್ನು 99ರ ಫೈಲಿನಲ್ಲಿ ಹಾಕಿದರೆ ಫಲವಿಲ್ಲ, ಆ ಟ್ಯಾಗ್ ನೋಡಿ ಕೆಲಸ ಮಾಡುವ ಫೈಲಿನ ನಂಬರ್ 73. ಅದಕ್ಕಿಂತ ಮುಂಚಿನದು ಬೇಕು.

ಬದಲಾವಣೆ ಆದಮೇಲೆ ಯುಡೆವ್‌ಆಡ್ಮ್‌ನ ಕಂಟ್ರೋಲ್ ರಿಲೋಡ್ (ರೂಲ್‌ಗಳನ್ನು ಮತ್ತೆ ಓದಿಸಲು), ನಂತರ ಟ್ರಿಗರ್ (ಸಾಧನದ ಸುದ್ದಿಯನ್ನು ಮತ್ತೆ ಹೊರಡಿಸಲು). ಟ್ರಿಗರ್ ತಾನಾಗಿ ಕಳಿಸುವುದು ‘ಚೇಂಜ್’. ರೂಲ್ ‘ಆಡ್’ಗೆ ಮಾತ್ರ ಬರೆದಿದ್ದರೆ ಆಕ್ಷನ್ ಆಯ್ಕೆಯನ್ನೂ ಕೊಡಬೇಕು. ರೂಲ್‌ನಿಂದ ಪ್ರೋಗ್ರಾಂ ಓಡಿಸುವ ‘ರನ್’ ಕೀಯಲ್ಲಿ ದೀರ್ಘಕಾಲ ಓಡುವ ಪ್ರೋಗ್ರಾಂ ಇಡಬೇಡಿ, ಯುಡೆವ್ ಕೊಂದುಹಾಕುತ್ತದೆ. ಅದಕ್ಕೆ ಸಿಸ್ಟಮ್‌ಡಿ ಸರ್ವಿಸ್ ಸರಿಯಾದ ಜಾಗ.

ಪ್ರೋಗ್ರಾಂ ಬರೆಯುವವರು ಕಿವಿಗೊಡಬೇಕಾದ್ದು ಯುಡೆವ್ ಸಾರುವ ಎರಡನೇ ಸುದ್ದಿಗೆ. ನೋಡ್ ಕಂಡ ತಕ್ಷಣ ತೆರೆಯಹೋದರೆ ಯುಡೆವ್ ಇನ್ನೂ ಅನುಮತಿ ಬದಲಿಸಿರದೆ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಅದೂ ಒಮ್ಮೊಮ್ಮೆ ಮಾತ್ರ, ಹಾಗಾಗಿ ಹುಡುಕುವುದು ಕಷ್ಟ. ಯುಡೆವ್‌ನ ಲೈಬ್ರರಿಯಾದ ಲಿಬ್‌ಯುಡೆವ್‌ನ ಮಾನಿಟರನ್ನು ‘ಯುಡೆವ್’ ಹೆಸರಿನಲ್ಲೇ ತೆರೆಯಿರಿ. ಮೊದಲು ಆಲಿಸಲು ಶುರುಮಾಡಿ, ಆಮೇಲೆ ಈಗಾಗಲೇ ಇರುವ ಸಾಧನಗಳ ಪಟ್ಟಿ ತೆಗೆಯಿರಿ. ತಿರುಗುಮುರುಗಾದರೆ ನಡುವೆ ಬಂದದ್ದು ಕೈತಪ್ಪುತ್ತದೆ. ಸಂದೇಶಗಳ ಮಳೆಯಲ್ಲಿ ಸಾಕೆಟ್ ಬಫರ್ ತುಂಬಿ ‘ಇನೋಬಫ್ಸ್’ ದೋಷ ಬಂದರೆ ಕೆಲವು ಸುದ್ದಿ ಕಳೆದಿವೆ ಎಂದೇ ಅರ್ಥ. ಆಗ ಪಟ್ಟಿಯನ್ನು ಮೊದಲಿನಿಂದ ಮತ್ತೆ ತೆಗೆಯಬೇಕು.