ಗರಿಕೆ ಮುಲಾಮು: ಮೂರನೇ ಸಲಕ್ಕೆ ಸರಿಯಾಯಿತು

ಮದುವೆಯಾಗಿ ಶಿರಸಿ ಕಡೆಯ ಅಡಿಕೆ ತೋಟದ ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಉಂಬಳದ, ಅಂದರೆ ಜಿಗಣೆಯ, ಪರಿಚಯವಾಯಿತು. ಕಚ್ಚುವಾಗ ಗೊತ್ತೇ ಆಗುವುದಿಲ್ಲ. ರಕ್ತ ನಿಂತ ಮೇಲೆ ತುರಿಕೆ ಶುರು, ಅದೂ ನಾಲ್ಕೈದು ದಿನ. ಅತ್ತೆ ಅದಕ್ಕೆ ಗರಿಕೆ ಎಣ್ಣೆ ಹಚ್ಚುತ್ತಿದ್ದರು. ತುರಿಕೆಯೇನೋ ತಗ್ಗುತ್ತಿತ್ತು, ಆದರೆ ಎಣ್ಣೆ ಕಾಲಿನಿಂದ ಸೀರೆಗೆ, ಸೀರೆಯಿಂದ ಚಾಪೆಗೆ. ಇದನ್ನೇ ಗಟ್ಟಿ ಮಾಡಿ ಡಬ್ಬಿಗೆ ತುಂಬೋಣ ಅಂತ ಹೊರಟೆ.

ಮೊದಲ ಸಲ ಆತುರ. ಹಸಿ ಗರಿಕೆ ಕತ್ತರಿಸಿ ಕೊಬ್ಬರಿ ಎಣ್ಣೆಗೆ ಹಾಕಿ, ಹತ್ತು ನಿಮಿಷ ಬಿಸಿ ಮಾಡಿ, ಸೋಸಿ, ಜೇನುಮೇಣ ಸೇರಿಸಿದೆ. ಹದಿನೈದು ದಿನಕ್ಕೆ ಮೇಲೆಲ್ಲ ಬೂಷ್ಟು. ಅತ್ತೆ ಡಬ್ಬಿ ಮೂಸಿ ನೋಡಿ, ‘ನೀರು ಹೋಯ್ದಿಲ್ಲೆ ಕೂಸೇ’ ಎಂದರು. ಅಷ್ಟೇ.

ಎರಡನೇ ಸಲ ಅವರೇ ಪಕ್ಕದಲ್ಲಿ ಕೂತರು. ಗರಿಕೆಯನ್ನು ಬೇರು ತೆಗೆದು ತೊಳೆದು, ನೀರು ಹಾಕಿ ರುಬ್ಬಿ ಸೋಸಿದೆವು. ಒಂದು ಲೋಟ ಎಣ್ಣೆಗೆ ನಾಲ್ಕು ಲೋಟ ರಸ. ಹಸಿ ಅರಿಶಿನದ ಒಂದು ಕೊಂಬು ಅರೆದು ಅದಕ್ಕೇ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ. ಮೂರು ಗಂಟೆ ಹಿಡಿಯಿತು. ಮೊದಲು ಗುಳುಗುಳು ಕುದಿಯುತ್ತದೆ, ಆಮೇಲೆ ಸದ್ದು ತಗ್ಗುತ್ತದೆ. ಕೊನೆಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ತಳದ ಅರಿಶಿನದ ಗಸಿ ಒಂದಿಷ್ಟು ತೆಗೆದು, ಸ್ವಲ್ಪ ಆರಿಸಿ, ಬೆರಳಲ್ಲಿ ಹೊಸೆಯಬೇಕು. ಬತ್ತಿಯ ಹಾಗೆ ಉರುಳಿದರೆ ದೀಪಕ್ಕೆ ಹಿಡಿಯಬೇಕು. ಚಟಪಟ ಅಂದರೆ ಇನ್ನೂ ನೀರಿದೆ ಅಂತ ಅರ್ಥ. ಸದ್ದಿಲ್ಲದೆ ಉರಿದರೆ ಇಳಿಸಬಹುದು. ನಮ್ಮದು ಎರಡು ಸಲ ಚಟಪಟ ಅಂದು ಮೂರನೇ ಸಲಕ್ಕೆ ಸುಮ್ಮನಾಯಿತು.

ಎಣ್ಣೆ ಚೆನ್ನಾಗಿ ಬಂತು, ಮೇಣದಲ್ಲಿ ನಾನು ಎಡವಿದೆ. 200 ಮಿಲಿ ಎಣ್ಣೆಗೆ 80 ಗ್ರಾಂ ಮೇಣ ಹಾಕಿಬಿಟ್ಟೆ. ಉಗುರಿನಿಂದ ಕೆರೆಯಬೇಕು, ಅಷ್ಟು ಗಟ್ಟಿ. ‘ಮೇಣದಬತ್ತಿ ಮಾಡಿದ್ಯಾ?’ ಅಂತ ಅತ್ತೆ ನಕ್ಕರು.

ಈಗ 200 ಮಿಲಿಗೆ 25 ಗ್ರಾಂ ಜೇನುಮೇಣ, 30 ಗ್ರಾಂ ಮುರುಗಲು (ಕೋಕಂ) ತುಪ್ಪ ಹಾಕುತ್ತೇನೆ. ಮುರುಗಲು ತುಪ್ಪ ನಮ್ಮಲ್ಲಿ ಹಿಮ್ಮಡಿ ಒಡೆದರೆ ಹಚ್ಚುವುದೇ. ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲಿ ಬರುತ್ತದೆ, ತೆಗೆದು ಉಂಡೆ ಕಟ್ಟಿಡುತ್ತಾರೆ. ಮಳೆಗಾಲಕ್ಕೆ ಈ ಅಳತೆ ಸರಿ. ಆಗ ಕೊಬ್ಬರಿ ಎಣ್ಣೆ ತಾನೇ ಹೆಪ್ಪುಗಟ್ಟಿರುತ್ತದೆ. ಏಪ್ರಿಲ್ ಸೆಕೆಗೆ ಮೇಣ ಇನ್ನೊಂದು 10 ಗ್ರಾಂ ಜಾಸ್ತಿ ಬೇಕು. ಮೇಣವನ್ನು ನೇರ ಉರಿಗೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಆ ಒಳಗಿನ ಪಾತ್ರೆಯನ್ನು ಅಡುಗೆಗೆ ಮರೆತುಬಿಡಿ, ಎಷ್ಟು ತಿಕ್ಕಿದರೂ ಜಿಡ್ಡು ಬಿಡುವುದಿಲ್ಲ. ಡಬ್ಬಿಗೆ ಸುರಿಯುವ ಮೊದಲು ತಣ್ಣನೆಯ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿ. ತೀರಾ ಗಟ್ಟಿಯಾದರೆ ಇನ್ನಷ್ಟು ಎಣ್ಣೆ ಸೇರಿಸಿ, ಸಡಿಲವಾದರೆ ಮೇಣ.

ಉಂಬಳ, ಸೊಳ್ಳೆ ಕಚ್ಚಿದ ತುರಿಕೆಗೆ, ಚಳಿಗೆ ಒಡೆದ ಚರ್ಮಕ್ಕೆ ಇದು ನನಗೆ ಆಗಿಬಂದಿದೆ. ಹೊಸಬರು ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಲಿ. ಬಟ್ಟೆಗೆ ಅರಿಶಿನದ ಕಲೆ ಖಂಡಿತ, ಅದಕ್ಕೆ ಉಪಾಯ ಸಿಕ್ಕಿಲ್ಲ.

ಆದರೆ ಒಮ್ಮೆ ದೊಡ್ಡ ತಪ್ಪು ಮಾಡಿದೆ. ಯಜಮಾನರ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣಾಗಿತ್ತು. ಅದಕ್ಕೂ ಇದನ್ನೇ ಮೆತ್ತಿದೆ. ಒದ್ದೆ ಚರ್ಮದ ಮೇಲೆ ಜಿಡ್ಡು ಮುಚ್ಚಿದ ಹಾಗಾಗಿ ನಾಲ್ಕು ದಿನಕ್ಕೆ ಇನ್ನಷ್ಟು ಬೆಳ್ಳಗೆ ಸುಲಿದು ವಾಸನೆ ಬಂತು. ಡಾಕ್ಟರು ಶಿಲೀಂಧ್ರ ಸೋಂಕಿಗೆ ಹಚ್ಚುವ ಮುಲಾಮು ಕೊಟ್ಟು, ಕಾಲು ಒಣಗಿಸಿಕೊಳ್ಳಿ ಎಂದರು. ಡಬ್ಬಿಯೊಳಗಿನ ನೀರನ್ನಷ್ಟೇ ನೋಡಿದ್ದೆ, ಬೆರಳ ಸಂದಿಯ ನೀರನ್ನು ನೋಡಿರಲಿಲ್ಲ. ಈಗ ಒಸರುವ ಗಾಯ, ಕೀವು, ಹುಳುಕಡ್ಡಿ ಅಂದರೆ ಡಬ್ಬಿ ಮುಟ್ಟುವುದಿಲ್ಲ.

ಸಣ್ಣ ಡಬ್ಬಿಗಳನ್ನು ಬಿಸಿಲಲ್ಲಿ ಒಣಗಿಸಿ ತುಂಬುತ್ತೇನೆ, ಒದ್ದೆ ಬೆರಳು ಹಾಕಲು ಯಾರನ್ನೂ ಬಿಡುವುದಿಲ್ಲ. ಆರು ತಿಂಗಳಲ್ಲಿ ಮುಗಿಸುತ್ತೇವೆ. ಹಳೆ ಕೊಬ್ಬರಿಯ ಕಮಟು ವಾಸನೆ ಬಂದರೆ ಮೈಗೆ ಬೇಡ. ಅದನ್ನು ಯಜಮಾನರು ಕತ್ತಿಗೆ ತುಕ್ಕು ಹಿಡಿಯದಂತೆ ಸವರಿಕೊಳ್ಳುತ್ತಾರೆ.